ದೇವನಹಳ್ಳಿಯ ದಾರಿಯಲ್ಲಿ ಮಕ್ಕಳು

ಮೈಸೂರು ಯುದ್ಧಗಳ ಪಾಠ ಮಾಡುವಾಗ ನಾನು ಕಪ್ಪು ಹಲಗೆಯ ಮೇಲೆ 1792ರ ಶ್ರೀರಂಗಪಟ್ಟಣದ ಒಪ್ಪಂದದ ಷರತ್ತುಗಳನ್ನು ಬರೆಯುತ್ತಿದ್ದುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಹಣ ಸಲ್ಲುವವರೆಗೆ ಇಬ್ಬರು ಗಂಡುಮಕ್ಕಳು ಒತ್ತೆ. ಪರೀಕ್ಷೆಯಲ್ಲಿ ಇದಕ್ಕೆ ನಾಲ್ಕು ಅಂಕ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಆ ಮಕ್ಕಳು ಎಷ್ಟು ದೊಡ್ಡವರು? ಅವರ ಜೊತೆ ಅವರಮ್ಮ ಹೋದರಾ?" ಎಂದು ಕೇಳಿದಳು. ತರಗತಿಯಲ್ಲಿ ನಗು ಹುಟ್ಟಿತು. ನಲವತ್ತು ನಿಮಿಷದ ಅವಧಿಯಲ್ಲಿ ಎಷ್ಟು ಹೇಳಬಹುದೋ ಅಷ್ಟನ್ನು ಹೇಳಿದೆ. ಈಗ ಗಂಟೆ ಬಾರಿಸುವವರಿಲ್ಲ. ಆ ಪ್ರಶ್ನೆಗೆ ಸಲ್ಲಬೇಕಾದ ದೀರ್ಘ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯ ಇತಿಹಾಸವು ಕೋಟೆಗಳಿಂದ ಆರಂಭವಾಗುತ್ತದೆಂದು ಪುಸ್ತಕಗಳು ಹೇಳುತ್ತವೆ. ಜನರ ಬಾಯಲ್ಲಿ ಉಳಿದಿರುವ ಇತಿಹಾಸವಾದರೋ ಆರಂಭವಾಗುವುದು ಎತ್ತಿನ ಗಾಡಿಯಿಂದ. ದೇವನಹಳ್ಳಿ ತಾಲ್ಲೂಕಿನ ಆವತಿಯ ಐತಿಹ್ಯ ನಿಮ್ಮಲ್ಲಿ ಹಲವರಿಗೆ ಅಜ್ಜಿಯರ ಮೂಲಕ ತಿಳಿದಿರುತ್ತದೆ. ಕಂಚಿಯ ಕಡೆಯಿಂದ ರಣಭೈರೇಗೌಡ ಮತ್ತು ಅವನ ಸೋದರರು ಹೆಂಡಿರು ಮಕ್ಕಳನ್ನು ಗಾಡಿಗಳಲ್ಲಿ ಕೂರಿಸಿಕೊಂಡು ರಾತ್ರೋರಾತ್ರಿ ಹೊರಟರಂತೆ. ಮನೆಮಗಳು ದೊಡ್ಡಮ್ಮನನ್ನು ಬಲವಂತದಿಂದ ಮದುವೆಯಾಗಲು ಅಲ್ಲಿನ ಪಾಳೆಯಗಾರನೊಬ್ಬ ಹವಣಿಸಿದ್ದೇ ಕಾರಣ. ಪಾಲಾರ್ ನದಿ ತುಂಬಿ ಹರಿಯುತ್ತಿದ್ದಾಗ ಆಕೆ ತನ್ನ ಓಲೆಯನ್ನು ಗಂಗಮ್ಮನಿಗೆ ಅರ್ಪಿಸಿ ದಾರಿ ಪಡೆದಳು ಎನ್ನುತ್ತಾರೆ. ನಂದಿಯ ಪೂರ್ವಕ್ಕೆ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಗಾಡಿ ಬಿಚ್ಚಿದರು, ಆವತಿ ಕಟ್ಟಿದರು. ದೇವನಹಳ್ಳಿಯ ಮಣ್ಣಿನ ಕೋಟೆ ಕಟ್ಟಿದ ಮಲ್ಲಭೈರೇಗೌಡನೂ ಬೆಂಗಳೂರಿನ ಕೆಂಪೇಗೌಡನೂ ಈ ಮನೆತನದ ಬಳ್ಳಿಯವರೇ. ಐತಿಹ್ಯದಲ್ಲಿ ಎಷ್ಟು ನಿಜ ಎಂಬುದನ್ನು ಪಂಡಿತರು ವಿಚಾರಿಸಲಿ. ನನಗೆ ಮುಖ್ಯವಾದುದು ಇಷ್ಟು: ಆ ಕಥೆಯಲ್ಲಿ ಹೆಣ್ಣುಮಗಳೊಬ್ಬಳನ್ನು ಉಳಿಸಿಕೊಳ್ಳಲು ಇಡೀ ಸಂಸಾರ ಊರು ಬಿಟ್ಟಿತು. ಮಕ್ಕಳನ್ನು ಬಿಟ್ಟುಹೋದವರು ಅದರಲ್ಲಿ ಯಾರೂ ಇಲ್ಲ.

ಇದೇ ಸೀಮೆಯಲ್ಲಿ ಮುಂದೆ ನಡೆದದ್ದು ಬೇರೆ ಬಗೆಯ ಪ್ರಯಾಣಗಳು. ಒಂದೇ ಮನೆತನದ ಮೂರು ತಲೆಮಾರಿನ ಎಳೆಯರು ತಂದೆಯರ ಸಾಲಕ್ಕೋ ಸೋಲಿಗೋ ಬೆಲೆ ತೆತ್ತರು. ಮೊದಲನೆಯದು ನಡೆದದ್ದು ದೊಡ್ಡಬಳ್ಳಾಪುರದಲ್ಲಿ.

ಹೈದರನ ತಂದೆ ಫತೇ ಮಹಮದ್ ಸಿರಾದ ನವಾಬರ ಸೇವೆಯಲ್ಲಿದ್ದ. ಕೋಲಾರ ಸೀಮೆಯ ಬೂದಿಕೋಟೆ ಅವನ ಜಹಗೀರು. 1728ರ ಸುಮಾರಿಗೆ ಸಿರಾದ ಅಧಿಕಾರಕ್ಕಾಗಿ ನಡೆದ ಒಳಜಗಳದ ಕಾಳಗವೊಂದರಲ್ಲಿ ಅವನು ಸತ್ತ. ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು ಆಗ ದೊಡ್ಡಬಳ್ಳಾಪುರದಲ್ಲಿದ್ದರು. ಊರು ಅಬ್ಬಾಸ್ ಕುಲಿಖಾನನ ಜಹಗೀರಿಗೆ ಸೇರಿತ್ತು. ಸತ್ತವನು ಕೊಡಬೇಕಾದ ಹಣವಿದೆಯೆಂದು ಅವನು ವಿಧವೆಯ ಮನೆಯನ್ನು ಸೂರೆ ಮಾಡಿದ. ಸಾಲದೆಂದು ಮಕ್ಕಳನ್ನು ಹಿಡಿದ. ಹಿರಿಯವ ಶಹಬಾಜ್, ಕಿರಿಯವ ಹೈದರ್. ಹೈದರನಿಗೆ ಆಗ ಏಳು ವರ್ಷದ ಆಸುಪಾಸು. ಹುಡುಗರನ್ನು ನಗಾರಿಯೊಳಗೆ ಕೂಡಿಹಾಕಿ, ಚರ್ಮ ಬಿಗಿದು, ಮೇಲಿನಿಂದ ಬಾರಿಸಿ ಹಿಂಸಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ನಗಾರಿಯ ಮಾತು ನಿಜವಿರಲಿ ಬಿಡಲಿ, ಹಿಂಸೆ ನಡೆದದ್ದರಲ್ಲಿ ಸಂದೇಹವಿಲ್ಲ.

ಬಿಡುಗಡೆಯ ನಂತರ ಆ ತಾಯಿ ಮಕ್ಕಳಿಬ್ಬರನ್ನು ಕರೆದುಕೊಂಡು ಬೆಂಗಳೂರಿನ ದಾರಿ ಹಿಡಿದಳು. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಇಂದು ಬಸ್ಸಿನಲ್ಲಿ ಕುಳಿತು ತೂಕಡಿಸಿ ಏಳುವಷ್ಟರಲ್ಲಿ ತಲುಪುತ್ತೇವೆ. ಅಂದು ಎತ್ತಿನ ಗಾಡಿ ದಿನಕ್ಕೆ ಹತ್ತು ಹನ್ನೆರಡು ಮೈಲಿ ಸಾಗಿದರೆ ಹೆಚ್ಚು. ಮನೆಯಲ್ಲಿದ್ದುದೆಲ್ಲ ಸೂರೆಯಾದ ಮೇಲೆ ಬುತ್ತಿಗೆ ಏನು ಕಟ್ಟಿಕೊಂಡಿದ್ದಾಳು? ಅಲ್ಲಿಂದ ಮುಂದೆ ಕುಟುಂಬ ಶ್ರೀರಂಗಪಟ್ಟಣ ಸೇರಿತು. ಅಲ್ಲಿ ಮೈಸೂರಿನ ಸೇವೆಯಲ್ಲಿದ್ದ ದಾಯಾದಿಯೊಬ್ಬ ಹುಡುಗರಿಗೆ ಕುದುರೆ ಸವಾರಿ, ಕತ್ತಿವರಸೆ ಕಲಿಸಿದ. ಹೈದರನನ್ನು ಮೈಸೂರಿನ ಇತಿಹಾಸದೊಳಕ್ಕೆ ತಂದದ್ದು ಯಾವುದು ಎಂದು ಕೇಳಿದರೆ, ದಳವಾಯಿಗಳ ಹೆಸರು ಹೇಳುವುದು ರೂಢಿ. ನಾನಾದರೆ ಆ ವಿಧವೆಯ ಪ್ರಯಾಣವನ್ನು ಮೊದಲು ಹೇಳುತ್ತೇನೆ.

1761ರಲ್ಲಿ ಹೈದರನ ಸೈನ್ಯ ಹೊಸಕೋಟೆಯನ್ನು ಮುಗಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಬಂತು. ಅಬ್ಬಾಸ್ ಕುಲಿಖಾನ್ ಎದುರು ನಿಲ್ಲಲಿಲ್ಲ, ಓಡಿಹೋದ. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದರೂ ಆ ಮಗು ಮರೆತಿಲ್ಲವೆಂಬುದು ಅವನಿಗೆ ಗೊತ್ತಿದ್ದಿರಬೇಕು.

ಎರಡನೆಯ ತಲೆಮಾರಿನ ಮಾತು ಚಿಕ್ಕದು. ಕರಾಚೂರಿ ನಂಜರಾಜಯ್ಯನ ದಂಡು 1749ರಲ್ಲಿ ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ ಹೈದರ್ ಮೊದಲ ಬಾರಿಗೆ ಹೆಸರು ಗಳಿಸಿದ. ಅದೇ ದೇವನಹಳ್ಳಿಯಲ್ಲಿ 1750ರ ನವೆಂಬರಿನಲ್ಲಿ ಟಿಪ್ಪು ಹುಟ್ಟಿದ. ಹುಟ್ಟಿದ ವರ್ಷ 1751 ಎನ್ನುವವರೂ ಇದ್ದಾರೆ. 1760ರ ಆಗಸ್ಟಿನಲ್ಲಿ ಖಂಡೇರಾಯನ ಸಂಚಿಗೆ ಸಿಕ್ಕ ಹೈದರ್ ಶ್ರೀರಂಗಪಟ್ಟಣದಿಂದ ರಾತ್ರಿ ನದಿ ದಾಟಿ ಬೆಂಗಳೂರಿಗೆ ಕುದುರೆ ಓಡಿಸಿದ. ಸಂಸಾರ ಹಿಂದೆಯೇ ಉಳಿಯಿತು. ವೈರಿಗಳ ಕೈಯಲ್ಲಿ ಉಳಿದವರಲ್ಲಿ ಒಂಬತ್ತು ವರ್ಷದ ಟಿಪ್ಪುವೂ ಒಬ್ಬ. ಅವರಿಗೆ ಕೇಡಾಗಲಿಲ್ಲ ಎಂಬುದು ಖಂಡೇರಾಯನ ಕಡೆಯವರ ಬಗ್ಗೆ ಹೇಳಬೇಕಾದ ಒಳ್ಳೆಯ ಮಾತು. ಆದರೆ ಮುಂದಿನ ತಿಂಗಳುಗಳನ್ನು ಆ ಹುಡುಗ ಹೇಗೆ ಕಳೆದನೆಂದು ಯಾವ ಬಖೈರಿನಲ್ಲೂ ಹುಡುಕಬೇಡಿ.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ.

1792ರ ಫೆಬ್ರವರಿ 26ರಂದು ಒತ್ತೆಯ ಮಕ್ಕಳು ಶ್ರೀರಂಗಪಟ್ಟಣದ ಕೋಟೆಯಿಂದ ಹೊರಬಂದರು. ಹಿರಿಯವ ಅಬ್ದುಲ್ ಖಾಲಿಕ್, ಹತ್ತು ವರ್ಷ. ಕಿರಿಯವ ಮುಯಿಜುದ್ದೀನ್, ಎಂಟು. ವಯಸ್ಸು ಇನ್ನೂ ಕಡಿಮೆ ಎಂದು ಬರೆದವರೂ ಇದ್ದಾರೆ. ಕಾರ್ನ್‌ವಾಲಿಸನ ಸೈನ್ಯದಲ್ಲಿದ್ದ ಮೇಜರ್ ಡಿರೋಮ್ ಎಂಬ ಅಧಿಕಾರಿ 1793ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ದಿನವನ್ನು ವಿವರವಾಗಿ ವರ್ಣಿಸಿದ್ದಾನೆ. ಬೆಳ್ಳಿಯ ಅಂಬಾರಿಗಳಿದ್ದ ಆನೆಗಳ ಮೇಲೆ ಒಬ್ಬೊಬ್ಬ ಹುಡುಗ. ಬಿಳಿಯ ಮಸ್ಲಿನ್ನಿನ ನಿಲುವಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತಿನ ಸರಗಳು. ಮುಂದೆ ಒಂಟೆ ಸವಾರರು, ಬೆಳ್ಳಿಯ ಕೆತ್ತನೆಯ ಭಲ್ಲೆ ಹಿಡಿದ ನೂರು ಜನ. ಕೋಟೆಯಿಂದ ತೋಪುಗಳು ಹಾರಿದವು. ಕಾರ್ನ್‌ವಾಲಿಸ್ ಡೇರೆಯ ಬಾಗಿಲಲ್ಲೇ ಅವರನ್ನು ತಬ್ಬಿಕೊಂಡು, ಕೈಹಿಡಿದು ಒಳಕ್ಕೆ ಕರೆದೊಯ್ದು, ತನ್ನ ಎಡಬಲದಲ್ಲಿ ಕೂರಿಸಿಕೊಂಡ. ಸುಲ್ತಾನನ ವಕೀಲ ಗುಲಾಂ ಅಲಿ, ಇನ್ನು ಮುಂದೆ ಇವರಿಗೆ ತಂದೆಯೆಂದರೆ ತಾವೇ ಎಂಬರ್ಥದ ಮಾತಾಡಿದ. ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಸಿಕ್ಕಿತು.

ಈ ದೃಶ್ಯ ಬ್ರಿಟನ್ನಿನಲ್ಲಿ ಬಹಳ ಬೇಗ ಜನಪ್ರಿಯವಾಯಿತು. ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಅದನ್ನು ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದ. ಇಂಡಿಯಾದ ನೆಲವನ್ನೇ ತುಳಿಯದ ಮೇದರ್ ಬ್ರೌನ್, ಹೆನ್ರಿ ಸಿಂಗಲ್ಟನ್ ಮುಂತಾದವರೂ ಬರೆದರು. ಎಲ್ಲ ಚಿತ್ರಗಳಲ್ಲೂ ಲಾಟ್ ಸಾಹೇಬ ಕರುಣಾಮಯಿ ತಂದೆ. ಮಕ್ಕಳನ್ನು ಒತ್ತೆಯಾಗಿ ಕೇಳಿದವನೂ ಅವನೇ ಎಂಬುದು ಬಣ್ಣದಲ್ಲಿ ಕಾಣುವುದಿಲ್ಲ.

ತಾಯಿಯ ವಿಷಯ? ಅದೂ ಡಿರೋಮನ ಪುಸ್ತಕದಲ್ಲೇ ಇದೆ, ಎರಡು ಮೂರು ವಾಕ್ಯಗಳಲ್ಲಿ. ಕಿರಿಯ ಹುಡುಗನ ತಾಯಿ, ಸತ್ಯಮಂಗಲದಲ್ಲಿ ಮಡಿದ ಸೇನಾನಿ ಬುರ್ಹಾನುದ್ದೀನನ ತಂಗಿ. ಫೆಬ್ರವರಿ 6ರ ರಾತ್ರಿ ಇಂಗ್ಲಿಷರು ಶ್ರೀರಂಗಪಟ್ಟಣದ ಹೊರ ಪಾಳೆಯಗಳ ಮೇಲೆ ಬಿದ್ದ ಕೆಲವೇ ದಿನಗಳಲ್ಲಿ ಆಕೆ ಭಯದಿಂದಲೇ ತೀರಿಕೊಂಡಳು ಎಂದು ಕೇಳಿಬಂತು ಎಂದು ಅವನು ಬರೆಯುತ್ತಾನೆ. ಅಂದರೆ ಆನೆಯ ಮೇಲೆ ಮುತ್ತಿನ ಸರ ಹಾಕಿಕೊಂಡು ಕುಳಿತ ಎಂಟರ ಬಾಲಕನಿಗೆ ತಾಯಿ ಸತ್ತು ಇನ್ನೂ ಮೂರು ವಾರ ತುಂಬಿರಲಿಲ್ಲ. ಅಮ್ಮ ಹೋದಳೆ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇದು. ತರಗತಿಯಲ್ಲಿ ನಕ್ಕಿದ್ದ ಮಕ್ಕಳು ಇದನ್ನು ಕೇಳಿ ಸುಮ್ಮನಾದರು.

ಮೆರವಣಿಗೆ ಮುಗಿದ ಮೇಲೆ ಮರ್ಯಾದೆಯೂ ತೆಳುವಾಯಿತು. ಕೊಡಗನ್ನು ಬಿಟ್ಟುಕೊಡುವ ವಿಷಯದಲ್ಲಿ ತಕರಾರು ಎದ್ದೊಡನೆ ಹುಡುಗರ ಜೊತೆಗಿದ್ದ ಮೈಸೂರಿನ ಕಾವಲುಗಾರರ ಆಯುಧಗಳನ್ನು ಕಿತ್ತುಕೊಂಡು, ಮಕ್ಕಳನ್ನು ಬೆಂಗಳೂರಿನ ದಾರಿಗೆ ಹೊರಡಿಸಿದರು. ತಂದೆ ಮಣಿದ. ಮಾರ್ಚ್ 18ರ ತಾರೀಖಿನ ಒಪ್ಪಂದದ ಕಾಗದವನ್ನು ಹತ್ತು ವರ್ಷದ ಅಬ್ದುಲ್ ಖಾಲಿಕನ ಕೈಯಿಂದಲೇ ಕಾರ್ನ್‌ವಾಲಿಸನಿಗೆ ಕೊಡಿಸಲಾಯಿತು. ತನ್ನನ್ನು ಒತ್ತೆಯಿಟ್ಟ ಕಾಗದವನ್ನು ತಾನೇ ಹೊತ್ತುಕೊಂಡು ಹೋಗಿ ಕೊಟ್ಟ ಹುಡುಗ! ಬಳಿಕ ಕ್ಯಾಪ್ಟನ್ ಡವ್ಟನ್ ಎಂಬವನ ಮೇಲ್ವಿಚಾರಣೆಯಲ್ಲಿ ಅವರ ಪ್ರಯಾಣ, ಮದರಾಸಿಗೆ.

ನನ್ನ ಮಗಳು ಮೂರು ವರ್ಷದ ಮಗನನ್ನು ಕರೆದುಕೊಂಡು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹೊರಡುವಾಗ ನಾನು ಅವಳ ಚೀಲವನ್ನು ನೋಡಿದ್ದೇನೆ. ಎರಡು ಜೊತೆ ಬಟ್ಟೆ, ಹುರಿಹಿಟ್ಟು, ಫ್ಲಾಸ್ಕಿನಲ್ಲಿ ಬಿಸಿನೀರು, ಜ್ವರದ ಔಷಧಿ, ಒಂದು ಕಿವಿ ಹರಿದ ಬಟ್ಟೆಯ ಮೊಲ. ಮೊಲವಿಲ್ಲದೆ ಆ ಹುಡುಗ ಮಲಗುವುದಿಲ್ಲ. ನಮ್ಮ ತಾಯಿ ಅರವತ್ತರ ದಶಕದಲ್ಲಿ ನಮ್ಮನ್ನು ಚಿಕ್ಕಬಳ್ಳಾಪುರದ ಪುಟ್ಟ ರೈಲಿನಲ್ಲಿ ಕರೆದೊಯ್ಯುವಾಗ ಮೊಸರನ್ನದ ಡಬ್ಬಿ, ಒಂದು ತಂಬಿಗೆ ನೀರು, ಕಣ್ಣಿಗೆ ಬೀಳುವ ಇದ್ದಿಲಿನ ಪುಡಿ ಒರೆಸಲು ಒಂದು ಒದ್ದೆ ಬಟ್ಟೆ, ಇಷ್ಟು ಇಟ್ಟುಕೊಳ್ಳುತ್ತಿದ್ದರು. ಚೀಲ ಬದಲಾಗಿರಬಹುದು, ಅದನ್ನು ತುಂಬುವ ಕೈಯ ಆತಂಕ ಅದೇ. ಆ ರಾಜಕುಮಾರರ ಜೊತೆಗೆ ವಕೀಲರೂ ಆಳುಕಾಳುಗಳೂ ಇದ್ದರು. ಅನ್ನಕ್ಕೆ, ಬಟ್ಟೆಗೆ ಕೊರತೆಯಿರಲಿಲ್ಲ. ಮದರಾಸಿನಲ್ಲಿ ಅವರನ್ನು ಗೌರವದಿಂದಲೇ ನಡೆಸಿಕೊಂಡರು. ರಾತ್ರಿ ಬೆಚ್ಚಿ ಎದ್ದರೆ ಯಾರನ್ನು ಕರೆಯುತ್ತಿದ್ದರು ಎಂಬುದನ್ನು ಬರೆದಿಡುವವರು ಸೈನ್ಯದಲ್ಲಿರುವುದಿಲ್ಲ.

ಇಷ್ಟು ಬರೆದು, ಸುಲ್ತಾನನ ಮಕ್ಕಳಿಗಷ್ಟೇ ಮರುಗಿ ನಿಲ್ಲಿಸಿದರೆ ಅನ್ಯಾಯವಾದೀತು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಸಂಸಾರಸಮೇತ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ಟಿಪ್ಪುವಿನ ಆಜ್ಞೆಯಿಂದ. ಕೊಡವರ ಸಂಸಾರಗಳಿಗೂ ಅದೇ ಗತಿಯಾಯಿತು. ಅದಕ್ಕೂ ಮೊದಲು, ಚಿತ್ರದುರ್ಗ ಬಿದ್ದ ಮೇಲೆ ಬೇಡರ ಕುಟುಂಬಗಳನ್ನು ಹೈದರ್ ಸಾಗಿಸಿದ. ಅವರ ಗಂಡುಮಕ್ಕಳನ್ನು ಮತಾಂತರಿಸಿ ಚೇಲಾ ಪಡೆ ಕಟ್ಟಿದ. ದೊಡ್ಡಬಳ್ಳಾಪುರದಲ್ಲಿ ತಾನು ಅನುಭವಿಸಿದ್ದು ಅವನ ಕೈಯನ್ನು ತಡೆಯಲಿಲ್ಲ. ಆ ದಾರಿಗಳಲ್ಲಿ ಆನೆಯಿರಲಿಲ್ಲ, ಅಂಬಾರಿಯಿರಲಿಲ್ಲ. ದಾರಿಯಲ್ಲೇ ಸತ್ತ ಎಳೆಯರ ಚಿತ್ರವನ್ನು ಲಂಡನ್ನಿನಲ್ಲಾಗಲಿ ಇಲ್ಲಾಗಲಿ ಯಾರೂ ಬರೆಯಲಿಲ್ಲ. ಟಿಪ್ಪುವಿನ ಹೆಸರೆತ್ತಿದರೆ ಇಂದು ಎರಡು ಪಂಗಡಗಳು ತೋಳೇರಿಸುತ್ತವೆ. ನನ್ನ ಹಳೆಯ ವಿದ್ಯಾರ್ಥಿಗಳು ಎರಡೂ ಕಡೆ ಇದ್ದಾರೆಂದು ಬಲ್ಲೆ. ಅವರು ಜಗಳವಾಡಲಿ. ಆದರೆ ಲೆಕ್ಕ ಹಾಕುವಾಗ ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಲಿ.

ಹಣವೆಲ್ಲ ಸಂದಾಯವಾಗಲು ಎರಡು ವರ್ಷ ಹಿಡಿಯಿತು. 1794ರ ಮಾರ್ಚ್ ತಿಂಗಳ ಕೊನೆಯಲ್ಲಿ ಡವ್ಟನ್ ಹುಡುಗರನ್ನು ಘಟ್ಟ ಹತ್ತಿಸಿ ಕರೆತಂದ. ತಂದೆ ಮಕ್ಕಳ ಭೇಟಿಯಾದದ್ದು ದೇವನಹಳ್ಳಿಯಲ್ಲಿ. ತಂದೆ ಹುಟ್ಟಿದ ಊರಿನಲ್ಲೇ. ಈ ಸಂಗತಿ ನಮ್ಮ ಜಿಲ್ಲೆಯವರಲ್ಲೇ ಅನೇಕರಿಗೆ ತಿಳಿದಿಲ್ಲ. ಟಿಪ್ಪು ಹುಟ್ಟಿದ ಸ್ಥಳವೆಂದು ಫಲಕ ಓದುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಹೊರಡುತ್ತಾರೆ.

ಆ ಭೇಟಿಯನ್ನು ಕರ್ನಲ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ದಾಖಲಿಸಿದ್ದಾನೆ. ಹುಡುಗರು ಮುಂದೆ ಬಂದು ತಂದೆಯ ಪಾದದ ಮೇಲೆ ತಲೆಯಿಟ್ಟರು. ಸುಲ್ತಾನ ಅವರ ಕೊರಳನ್ನು ಕೈಯಿಂದ ಮುಟ್ಟಿದ. ಅವರು ಎದ್ದರು, ಕುಳಿತುಕೊಳ್ಳುವಂತೆ ಸನ್ನೆ ಮಾಡಿದ. ಮಾತಿಲ್ಲ. ಇದನ್ನು ಓದಿದ ಇಂಗ್ಲಿಷರಿಗೆ ಕಲ್ಲೆದೆಯ ತಂದೆ ಕಂಡ. ಕಾರ್ನ್‌ವಾಲಿಸನ ಅಪ್ಪುಗೆಯ ಪಕ್ಕದಲ್ಲಿ ಇದನ್ನಿಟ್ಟು ಹೋಲಿಸಿದರೆ ಹಾಗೆಯೇ ಕಾಣುತ್ತದೆ.

ನನಗೆ ಹಾಗೆ ಕಾಣುವುದಿಲ್ಲ. ನಮ್ಮ ಕಡೆಯ ಹಿರಿಯರು ನಾಲ್ಕು ಜನರೆದುರು ಮಕ್ಕಳನ್ನು ಎತ್ತಿ ಮುದ್ದಾಡಿದ್ದನ್ನು ನೀವು ನೋಡಿದ್ದೀರಾ? ನನ್ನ ತಂದೆ ನಾನು ಹಾಸ್ಟೆಲಿನಿಂದ ರಜೆಗೆ ಬಂದಾಗ, "ಊಟ ಆಯ್ತಾ?" ಎಂದು ಕೇಳಿ ಹೊಲದ ಕಡೆ ಹೋಗುತ್ತಿದ್ದರು. ಅಂದು ದೇವನಹಳ್ಳಿಯ ದರ್ಬಾರಿನಲ್ಲಿ ಮಕ್ಕಳನ್ನು ಒತ್ತೆಯಿಟ್ಟುಕೊಂಡಿದ್ದವರ ಪ್ರತಿನಿಧಿಯೇ ಎದುರಿಗೆ ನಿಂತು ಪ್ರತಿಯೊಂದು ಚಲನೆಯನ್ನೂ ಗಮನಿಸುತ್ತಿದ್ದ; ಅವನು ಕಂಡದ್ದೇ ವರದಿಯಾಗಿ ಹೋಗಲಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಹಗೆಗಳ ಕೈಯಲ್ಲಿ ಉಳಿದಿದ್ದವನು, ಏಳನೆಯ ವಯಸ್ಸಿನಲ್ಲಿ ಸಾಲಕ್ಕಾಗಿ ಹಿಂಸೆಯುಂಡವನ ಮಗ, ಅಲ್ಲಿ ಕಣ್ಣೀರು ತೋರಿಸುತ್ತಿರಲಿಲ್ಲ. ಕೊರಳ ಮೇಲೆ ಇಟ್ಟ ಆ ಕೈ ಎಷ್ಟು ಹೊತ್ತು ಅಲ್ಲಿತ್ತೋ, ಎಷ್ಟು ಬಿಗಿಯಾಗಿತ್ತೋ, ಅದನ್ನು ಬಲ್ಲವರು ಇಬ್ಬರೇ.

ಐದು ವರ್ಷಗಳ ನಂತರ, 1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ. ಸಂಸಾರವನ್ನೆಲ್ಲ ವೆಲ್ಲೂರು ಕೋಟೆಗೆ ಸಾಗಿಸಿದರು. 1806ರ ಜುಲೈ 10ರ ಸಿಪಾಯಿಗಳ ದಂಗೆಯ ಬಳಿಕ ಅಲ್ಲಿಯೂ ಇರಗೊಡದೆ ಕಲ್ಕತ್ತೆಗೆ ಕಳುಹಿಸಿದರು. ಅಲ್ಲಿನ ಟಾಲಿಗಂಜ್ ಭಾಗದಲ್ಲಿ ಆ ಮನೆತನದ ಹೆಸರಿನ ಬೀದಿಯೂ, ಕಿರಿಯ ಮಗ ಗುಲಾಂ ಮಹಮದ್ ಕಟ್ಟಿಸಿದ ಮಸೀದಿಗಳೂ ಇವೆ.

ಮಕ್ಕಳನ್ನು ದೇವನಹಳ್ಳಿಗೆ ಕರೆದೊಯ್ಯುವವರು ಬೆಳಿಗ್ಗೆಯೇ ಹೋಗಿ. ಮೊದಲು ಕೋಟೆಯನ್ನೂ ಅದರೊಳಗಿನ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನೂ ತೋರಿಸಿ, ಆಮೇಲೆ ಸ್ಮಾರಕಕ್ಕೆ ಬನ್ನಿ. ಮಾರ್ಚ್ ಕೊನೆಯಲ್ಲಾದರೆ ಬಿಸಿಲು ಜೋರು. ಕೋಟೆಯ ಮೇಲೆ ನೆರಳಿಲ್ಲ. ನೀರು, ಟೊಪ್ಪಿ ಮರೆಯಬೇಡಿ; ಚಿಕ್ಕವರ ಕೈ ಬಿಡಬೇಡಿ, ಗೋಡೆಯ ಅಂಚು ಕಡಿದಾಗಿದೆ.