ರಾಣಿ ಕೇಳಿದ ಪ್ರಶ್ನೆ

ಕಾಶಿಗೆ ಹೋದವರು ರಾಮೇಶ್ವರಕ್ಕೂ ಹೋಗಿಬಂದರೇ ಯಾತ್ರೆ ಪೂರ್ಣವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಾಗಿ ಒಂದು ಯಾತ್ರೆಗೆ ಇನ್ನೊಂದನ್ನು ಜೋಡಿಸುವುದು ನಮಗೆ ಹೊಸತಲ್ಲ. ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಹಾಗೆ ಜೋಡಿಸಿಕೊಂಡ ದಾರಿ ನಮ್ಮ ಮಂಗಳೂರಿನವರೆಗೂ ಬಂತು.

ಪ್ರೀತಿಸಿದವಳು ಕೈಹಿಡಿಯದ ನೋವಿನಲ್ಲಿ ಈತ ಜೆರುಸಲೇಮಿನ ಯಾತ್ರೆಗೆಂದು 1614ರಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿದ. 1616ರಲ್ಲಿ ಹರಕೆ ತೀರಿತು. ಊರಿಗೆ ಮರಳಬಹುದಿತ್ತು, ಆದರೆ ಬಾಗ್ದಾದಿನತ್ತ ಹೊರಟ. ಅಲ್ಲಿ ಮಾಆನಿ ಎಂಬವಳನ್ನು ಮದುವೆಯಾದ. ಗಂಡಹೆಂಡಿರು ಪರ್ಷಿಯಾ ಸುತ್ತಿದರು. 1621ರ ಕೊನೆಯಲ್ಲಿ ಆಕೆ ತೀರಿಕೊಂಡಳು. ಆಕೆಯ ದೇಹವನ್ನು ಕೆಡದಂತೆ ಪೆಟ್ಟಿಗೆಯಲ್ಲಿರಿಸಿಕೊಂಡೇ ಅವನು ಭಾರತಕ್ಕೆ ಬಂದ.

1623ರಲ್ಲಿ ಗೋವೆಯಿಂದ ಹೊರಟು, ಇಕ್ಕೇರಿ ನೋಡಿ, ಮಂಗಳೂರಿಗಿಳಿದು, ಹತ್ತಿರದ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡ. ಉಳ್ಳಾಲದ ರಾಣಿಯೆಂದರೆ ಶಾಲೆಯಲ್ಲಿ ನಾವು ಪೋರ್ಚುಗೀಸರೊಡನೆ ಕಾದಾಡಿದ ಅಬ್ಬಕ್ಕನ ಪಾಠ ಹೇಳುತ್ತೇವೆ. ಅವನು ಬರೆದಿಟ್ಟ ರಾಣಿಯಾದರೋ ಬರಿಗಾಲಿನಲ್ಲಿ, ದಪ್ಪ ಹತ್ತಿಬಟ್ಟೆಯುಟ್ಟು, ಬೇಸಾಯಕ್ಕೆ ತೋಡಿಸುತ್ತಿದ್ದ ಹೊಸ ಕಾಲುವೆಗಳನ್ನು ನೋಡಲು ಹೊರಟವಳು. ದಾರಿಯಲ್ಲೇ ನಿಂತು ಅವನ ಊರು, ಪ್ರಯಾಣ ಎಲ್ಲ ವಿಚಾರಿಸಿದಳು. ಕೊನೆಗೆ, ಪ್ರೀತಿಯವರು ಯಾರಾದರೂ ಸತ್ತ ದುಃಖದಿಂದ ಹೀಗೆ ಅಲೆಯುತ್ತಿರುವುದೋ ಎಂದು ಕೇಳಿದಳು.

ಅಂಥದ್ದೇನಿಲ್ಲ, ದೇಶ ನೋಡುವ ಆಸೆಯಷ್ಟೆ ಎಂದ. ತನ್ನ ದುಃಖವನ್ನು ಮುಚ್ಚಿಟ್ಟೆನೆಂದು ಅವನೇ ಬರೆದಿದ್ದಾನೆ.

1626ರಲ್ಲಿ ರೋಮಿಗೆ ಮರಳಿ, ಮಾಆನಿಯನ್ನು ತನ್ನ ಮನೆತನದ ಸಮಾಧಿಯಲ್ಲಿರಿಸಿದ. ಎರಡನೆಯ ಯಾತ್ರೆ ಮುಗಿದದ್ದು ಅಲ್ಲಿ.

ಮನೆಗೆ ಬಂದವರ ಮುಖ ನೋಡಿಯೇ ಕಷ್ಟವನ್ನು ಅರಿಯುವ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ! ಅದು ಚರಿತ್ರೆಯಲ್ಲಿ ಬರುವುದು ಅಪರೂಪ. ಯುದ್ಧದ ಪಾಠ ಮುಗಿಸಿದ ಮೇಲೆ ರಾಣಿಯ ಈ ಪ್ರಶ್ನೆಯನ್ನೂ ನಾನು ಮಕ್ಕಳಿಗೆ ಹೇಳುತ್ತೇನೆ.