ಬ್ಯಾರನ್ನಿನ ಮುಂದಿನ ಬೆಳಕು

ಪಿರಿಯಾಪಟ್ಟಣದ ಕಡೆಯ ನಮ್ಮೂರಲ್ಲಿ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಅಪ್ಪ ರಾತ್ರಿಯೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ ಮನೆಗೆ ಸೌದೆ ಒಟ್ಟುತ್ತಾ ಕೂರುತ್ತಿದ್ದರು. ಕಿಂಡಿಗೆ ಲಾಟೀನು ಹಿಡಿದು ಥರ್ಮಾಮೀಟರು ನೋಡುವುದು ನನ್ನ ಕೆಲಸ. ನಮ್ಮ ತಾಲ್ಲೂಕು ಹಾದು ಹೋಗುವ ಅದೇ ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಕರೆಂಟು ಕೊಟ್ಟಳು. ನಮಗೆ ಸೀಮೆಎಣ್ಣೆಯೇ ಗತಿ!

ಆಮೇಲೆ ಸೋಲಾರ್ ಬಂತು. ಹರೀಶ್ ಹಂದೆಯವರ ಸೋಲಾರ್ ಕಂಪನಿ ಸೆಲ್ಕೋ ಹುಟ್ಟಿದ್ದು 1995ರಲ್ಲಿ. ನಮ್ಮ ಹೆಂಚಿನ ಮೇಲೆ ಸಿಲಿಕಾನ್ ಪ್ಲೇಟು ಕೂತದ್ದು ಎಷ್ಟೋ ತಡವಾಗಿ.

ಈಗ ಸೋಲಾರ್ ಲ್ಯಾಬಿನಲ್ಲಿರುವ ನನ್ನ ಮಗಳ ಬಾಯಲ್ಲಿ ಪೆರೋವ್‌ಸ್ಕೈಟ್. 1839ರಲ್ಲಿ ಯೂರಲ್ ಬೆಟ್ಟದಲ್ಲಿ ಸಿಕ್ಕ ಖನಿಜದ ಹೆಸರದು. ಅದೇ ಕಟ್ಟಿನ ಹರಳನ್ನು ಸೋಲಾರ್ ಪ್ಲೇಟಿಗಾಗಿ ಲ್ಯಾಬಿನಲ್ಲಿ ಶಾಯಿಯಂತೆ ಗಾಜಿನ ಮೇಲೆ ಸವರುತ್ತಾರೆ. 2009ರಲ್ಲಿ ಜಪಾನಿನ ಮಿಯಾಸಾಕ ತಂಡ ಇದರಿಂದ ಕರೆಂಟಾಗಿಸಿದ್ದು ಬಿಸಿಲಿನ ಶೇ 3.8 ಮಾತ್ರ. ಇಂದು ಶೇ 26 ದಾಟಿದೆ. ಸಿಲಿಕಾನ್ ಇಷ್ಟು ಏರಲು ದಶಕಗಳೇ ಹಿಡಿದವು. ಆದರೆ ಬಾಳಿಕೆಯದೇ ತಕರಾರು: ತೇವ ತಾಗಿದರೆ ಕಪ್ಪು ಪದರ ಹಳದಿಗೆ ತಿರುಗಿ ಸತ್ತೇ ಹೋಗುತ್ತದೆ. ನಮ್ಮೂರ ಜುಲೈ ಮಳೆಯಲ್ಲಿ ಅದು ಬದುಕೀತೇ?

ಬೆಂದ ಸೊಪ್ಪು ಗರಿಗರಿಯಾಗಿ ಪುಡಿಯಾಗದಿರಲೆಂದು ಅಪ್ಪ ರಾತ್ರಿ ಬ್ಯಾರನ್ನಿನ ಬಾಗಿಲು ತೆರೆದಿಟ್ಟು ತೇವ ಕುಡಿಸುತ್ತಿದ್ದರು. ಮಗಳು ಅದೇ ತೇವವನ್ನು ಹೊರಗಿಡಲು ಗಾಜಿನ ಅಂಚಿಗೆ ಅಂಟು ಮೆತ್ತುತ್ತಾಳೆ.