ಮುಸುಕಿನ ಹಿಂದಿನ ಇಬ್ಬರು

‘ದಿ ಟ್ರೈಬ್ಸ್ ಆನ್ ಮೈ ಫ್ರಂಟಿಯರ್’ ಪುಸ್ತಕದ ಟೈಟಲ್ ಪೇಜಿನಲ್ಲಿ ಲೇಖಕರ ಜಾಗದಲ್ಲಿ ಮೂರೇ ಅಕ್ಷರ: ಇ, ಎಚ್, ಎ. 1883ರಲ್ಲಿ ಕಲ್ಕತ್ತೆಯ ಥ್ಯಾಕರ್ ಸ್ಪಿಂಕ್ ಕಂಪನಿ ಹೊರತಂದದ್ದು. ಬಂಗಲೆಯ ಸುತ್ತ ಓಡಾಡುವ ಇಲಿ, ಸೊಳ್ಳೆ, ಇರುವೆ, ಕಾಗೆಗಳೇ ಅದರ ‘ಗಡಿನಾಡಿನ ಬುಡಕಟ್ಟು’ಗಳು.

ಬರೆದವರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್. ಸಾತಾರದಲ್ಲಿ 1851ರಲ್ಲಿ ಹುಟ್ಟಿ, ಮುಂಬಯಿ ಪ್ರಾಂತದ ಕಸ್ಟಮ್ಸ್ ಮತ್ತು ಉಪ್ಪಿನ ಇಲಾಖೆಯಲ್ಲಿ ನೌಕರಿ ಮಾಡಿದವರು. ಉತ್ತರ ಕನ್ನಡ ಆಗ ಅದೇ ಪ್ರಾಂತದಲ್ಲಿತ್ತು. ಕಾರವಾರದ ಕಡೆಗೂ ಅವರಿಗೆ ವರ್ಗವಾಯಿತು. 1894ರ ‘ಎ ನ್ಯಾಚುರಲಿಸ್ಟ್ ಆನ್ ದ ಪ್ರೌಲ್’ ಓದಿದರೆ ನಮ್ಮ ಕರಾವಳಿಯ ಕಾಡು ಎದುರಿಗೆ ಬರುತ್ತದೆ. ಹಾಗಾಗಿಯೇ ಏಟ್ಕಿನ್ ನನ್ನ ಪಟ್ಟಿಗೆ ಸೇರಿದರು. ಲೈಬ್ರರಿಯ ಕ್ಯಾಟಲಾಗ್ ವಿಭಾಗದಿಂದ ನಿವೃತ್ತನಾದ ಮೇಲೆ, ಹುಳಿಮಾವಿನ ನಮ್ಮ ಮನೆಯಲ್ಲಿ ಕೂತು, ಈ ನಾಡಿನ ನಂಟಿರುವ, ನಿಜನಾಮ ಮರೆಸಿದ ಹಳೆಯ ಪುಸ್ತಕಗಳಿಗೆ ಕಾರ್ಡ್ ಬರೆಯುತ್ತಿದ್ದೇನೆ. ಐದು ಇಂಚು ಅಗಲ, ಮೂರು ಇಂಚು ಎತ್ತರದ, ಕೆಳಗಡೆ ಸರಳು ತೂರಿಸಲು ತೂತಿರುವ ಅದೇ ಹಳೆಯ ಕಾರ್ಡು.

ಕಾರ್ಡಿನ ಮೊದಲ ಸಾಲಿನಲ್ಲಿ ಯಾವ ಹೆಸರು? ನಮ್ಮ ಕಸುಬಿನಲ್ಲಿ ಇದು ಹಳೆಯ ಜಗಳ. ಬ್ರಿಟಿಷ್ ಮ್ಯೂಸಿಯಂನಲ್ಲಿ ಗ್ರಂಥಪಾಲಕ ಪನಿಝ್ಝಿ 1841ರಲ್ಲಿ ಮಾಡಿದ ನಿಯಮಗಳ ಪ್ರಕಾರ ಮುಸುಕಿನ ಹೆಸರೇ ಮೊದಲು. ನಿಜನಾಮ ಗೊತ್ತಾದರೆ ಅದರ ಪಕ್ಕ ಕಂಸದಲ್ಲಿ. 1908ರ ಆಂಗ್ಲೋ-ಅಮೆರಿಕನ್ ನಿಯಮ ಇದನ್ನು ತಿರುವಿಹಾಕಿ, ಗೊತ್ತಿದ್ದರೆ ನಿಜನಾಮವೇ ಮೇಲಿರಲಿ ಎಂದಿತು. 1934ರಲ್ಲಿ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ತಮ್ಮ ‘ಕ್ಲಾಸಿಫೈಡ್ ಕ್ಯಾಟಲಾಗ್ ಕೋಡ್’ನಲ್ಲಿ ಮತ್ತೆ ಟೈಟಲ್ ಪೇಜಿನ ಪಕ್ಷ ವಹಿಸಿದರು. ನಾನು ರಂಗನಾಥನ್ ಅವರ ಕಡೆಯವನು. 1883ರ ಓದುಗ ಅಂಗಡಿಯಲ್ಲಿ ಕೇಳಿದ್ದು ಆ ಮೂರಕ್ಷರವನ್ನು. ಲೇಖಕ ತಾನಾಗಿ ಆರಿಸಿಕೊಂಡ ಹೆಸರನ್ನು ಅಳಿಸುವ ಹಕ್ಕು ಕ್ಯಾಟಲಾಗ್ ಬರೆಯುವವನಿಗಿಲ್ಲ.

ಹಾಗೆಂದು ನಿಜನಾಮ ಹುಡುಕುವ ಕೆಲಸ ಸಣ್ಣದಲ್ಲ. ಇಂಗ್ಲಿಷಿನ ಇಂಥ ಪುಸ್ತಕಗಳ ಮೊದಲ ದೊಡ್ಡ ಕೋಶವನ್ನು ಕಟ್ಟಿದವರು ಎಡಿನ್‌ಬರೊದ ಇಬ್ಬರು ಗ್ರಂಥಪಾಲಕರು, ಹ್ಯಾಲ್ಕೆಟ್ ಮತ್ತು ಲೈಂಗ್. ಒಬ್ಬರು 1871ರಲ್ಲಿ, ಇನ್ನೊಬ್ಬರು 1880ರಲ್ಲಿ ತೀರಿಕೊಂಡರು. ನಾಲ್ಕು ಸಂಪುಟಗಳು ಅಚ್ಚಾದದ್ದು 1882ರಿಂದ 1888ರವರೆಗೆ. ಇಬ್ಬರೂ ಕಣ್ಣಾರೆ ನೋಡಲಿಲ್ಲ.

ನನ್ನ ನಿಲುವನ್ನು ಒರೆಗೆ ಹಚ್ಚಿದವರು ಮುದ್ದಣ. ಕಾಲ ಅದೇ, ಕರಾವಳಿಯೂ ಅದೇ. ಜಿಲ್ಲೆ ಮಾತ್ರ ಮದ್ರಾಸ್ ಪ್ರಾಂತದ್ದು. ‘ಮುದ್ದಣ’ ಎಂಬ ಮುಸುಕಿನ ಹಿಂದಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಮೇಷ್ಟ್ರು. ಹಳಗನ್ನಡದಲ್ಲಿ ತಾವೇ ಬರೆದದ್ದನ್ನು ಹಳೆಯ ಕಾಲದ ಕೃತಿಯೆಂದು ಮೈಸೂರಿಗೆ ಕಳಿಸಿದರು. ಅಲ್ಲಿ ಪ್ರಾಚೀನ ಕಾವ್ಯಗಳನ್ನು ಅಚ್ಚು ಹಾಕುತ್ತಿದ್ದವರು ‘ಅದ್ಭುತ ರಾಮಾಯಣ’ವನ್ನು ಹಾಗೆಯೇ ನಂಬಿ ಪ್ರಕಟಿಸಿದರು, ಮುಂದೆ ‘ಶ್ರೀರಾಮಾಶ್ವಮೇಧ’ವನ್ನೂ. ಬಡ ಮೇಷ್ಟ್ರ ಹೆಸರಿನಲ್ಲಿ ಹೋಗಿದ್ದರೆ ಆ ಬರಹಗಳನ್ನು ಯಾರಾದರೂ ಬಿಚ್ಚಿ ನೋಡುತ್ತಿದ್ದರೇ? ನನಗೆ ನಂಬಿಕೆಯಿಲ್ಲ. 1901ರಲ್ಲಿ, 31ರ ವಯಸ್ಸಿನಲ್ಲಿ, ಕ್ಷಯ ಅವರನ್ನು ಕೊಂಡೊಯ್ದಿತು. ಮುದ್ದಣ ಯಾರೆಂದು ನಾಡಿಗೆ ಖಚಿತವಾಗಿ ತಿಳಿದದ್ದು ಆಮೇಲೆ.

ಏಟ್ಕಿನ್ ಹೆಸರನ್ನಷ್ಟೇ ಮರೆಸಿದರು. ಮುದ್ದಣ ಕಾಲವನ್ನೂ ಮರೆಸಿದರು. ಟೈಟಲ್ ಪೇಜನ್ನೇ ನಂಬಿ ಕೂತರೆ ‘ರಾಮಾಶ್ವಮೇಧ’ ಹಳೆಯ ಕವಿಗಳ ಡ್ರಾಯರಿಗೆ ಹೋಗಿಬಿಡುತ್ತದೆ. ಅದರಲ್ಲಿ ಬರುವ ಮುದ್ದಣ-ಮನೋರಮೆ ದಂಪತಿಯ ಸಲ್ಲಾಪವನ್ನು ಹೊಸಗನ್ನಡದ ಬಾಗಿಲಲ್ಲಿ ನಿಂತು ಓದಬೇಕಾದ ಹುಡುಗಿಯೊಬ್ಬಳಿಗೆ ಆ ಪುಸ್ತಕ ಸಿಗುವುದೇ ಇಲ್ಲ. ಅದಕ್ಕೆ ನಾನು ಹೆಸರನ್ನು ಮುಟ್ಟುವುದಿಲ್ಲ, ಕಾಲವನ್ನು ಮಾತ್ರ ತಿದ್ದುತ್ತೇನೆ. ಮೊದಲ ಸಾಲಿನಲ್ಲಿ ‘ಮುದ್ದಣ’, ಕಂಸದಲ್ಲಿ ‘ನಂದಳಿಕೆ ಲಕ್ಷ್ಮೀನಾರಣಪ್ಪ, 1870–1901’. ‘ಲ’ ಅಕ್ಷರದ ಡ್ರಾಯರಿನಲ್ಲಿ ಇನ್ನೊಂದು ಕಾರ್ಡು: ‘ಲಕ್ಷ್ಮೀನಾರಣಪ್ಪ, ನಂದಳಿಕೆ. ನೋಡಿ: ಮುದ್ದಣ.’